ಪಣಕ್ಕಿಟ್ಟ ಒಡವೆ ಯಾರದು?

ಇಸ್ಪೀಟಿನ ಎಲೆಗಳನ್ನು ಹಿಡಿದು ಹಣವೊಡ್ಡುವವನನ್ನು ಲೋಕವು ಜೂಜುಗಾರನೆಂದು ಜರೆಯುತ್ತದೆ. ಪೇಟೆಯ ದರಗಳ ಏರಿಳಿತದ ಮೇಲೆ ಹಣವೊಡ್ಡುವವನನ್ನು ವ್ಯಾಪಾರಿಯೆಂದು ಮನ್ನಿಸುತ್ತದೆ. ಮೊದಲನೆಯವನಿಗೆ ಹೆಣ್ಣು ಕೊಡಲು ಹಿಂಜರಿಯುವ ಮನೆತನದವರು ಎರಡನೆಯವನ ಜಾಣ್ಮೆಯನ್ನು ನಾಲ್ಕು ಜನರೆದುರು ಹೇಳಿಕೊಳ್ಳುತ್ತಾರೆ. ಈ ಭೇದಕ್ಕೆ ನ್ಯಾಯವಾದ ಆಧಾರವುಂಟೋ, ಇಲ್ಲವೆ ಇದು ಬರಿಯ ರೂಢಿಯೋ? ಅಥಣಿ, ಚಿಕ್ಕೋಡಿ, ರಾಯಬಾಗಗಳಂಥ ನಮ್ಮ ಊರುಗಳ ತರುಣರೂ ಈಗ ಮುಂಬಯಿಯ ಶೇರು ಪೇಟೆಯನ್ನು ಅಂಗೈಯೊಳಗಿನ ಮೊಬೈಲಿನಲ್ಲಿ ಹೊತ್ತು ತಿರುಗುತ್ತಿರುವರು. ಆದ್ದರಿಂದ ಇದು ಪಂಡಿತರ ಚರ್ಚೆಯಾಗಿ ಉಳಿದಿಲ್ಲ, ಮನೆಮನೆಯ ಪ್ರಶ್ನೆಯಾಗಿದೆ.

ಮೊದಲು ಸಾಮ್ಯವನ್ನು ನೋಡುವಾ. ಪೋಕರ್ ಎಂಬ ಇಸ್ಪೀಟಿನಾಟದ ಬಹು ಪ್ರಚಾರದ ಒಂದು ಬಗೆಯಲ್ಲಿ ಪ್ರತಿಯೊಬ್ಬನ ಕೈಯಲ್ಲಿ ಎರಡು ಎಲೆಗಳು ಗುಪ್ತವಾಗಿರುತ್ತವೆ. ಐದು ಎಲೆಗಳು ಹಂತಹಂತವಾಗಿ ಎಲ್ಲರ ಕಣ್ಣೆದುರು ತೆರೆಯುತ್ತವೆ. ಆಟಗಾರನು ಪಣವನ್ನು ಏರಿಸಬಹುದು, ಸರಿಗಟ್ಟಬಹುದು, ಇಲ್ಲವೆ ಎಲೆಗಳನ್ನು ಕೆಳಗಿಟ್ಟು ಹಿಂದೆ ಸರಿಯಬಹುದು. ಎದುರಾಳಿಯ ಕೈಯಲ್ಲಿರುವುದನ್ನು ಅವನು ಒಡ್ಡಿದ ಪಣದಿಂದಲೇ ಊಹಿಸಬೇಕು. ಆ ಪಣವೂ ಸುಳ್ಳಾಡಬಹುದು. ಪೇಟೆಯ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಹಿಂದಿನ ಪೇಟೆಗಳಲ್ಲಿ ದಲಾಲರು ಅರಿವೆಯ ಮರೆಯಲ್ಲಿ ಬೆರಳು ಹಿಡಿದು ದರ ತಿಳಿಸುವ ಪದ್ಧತಿಯಿತ್ತು. ಮಾಲಿನ ಒಡೆಯನಾದ ರೈತನು ಬದಿಯಲ್ಲಿ ನಿಂತು ಅವರ ಮುಖಗಳನ್ನು ನೋಡಬೇಕಾಗಿತ್ತು. ಅರ್ಥಶಾಸ್ತ್ರಜ್ಞನಾದ ಕೇನ್ಸನು 1936ರ ತನ್ನ ಗ್ರಂಥದಲ್ಲಿ ಶೇರು ಪೇಟೆಯ ವ್ಯವಹಾರವನ್ನು ಇಸ್ಪೀಟಿನಾಟಕ್ಕೂ ಕುರ್ಚಿಯಾಟಕ್ಕೂ ಹೋಲಿಸಿದನು. ಗಣಿತಜ್ಞ ಫಾನ್ ನಾಯ್ಮನ್ನನು ಮಾರ್ಗೆನ್‌ಸ್ಟರ್ನನೊಡನೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೋಕರನ್ನೂ ಅರ್ಥವ್ಯವಹಾರವನ್ನೂ ಒಂದೇ ಶಾಸ್ತ್ರದಿಂದ ವಿವರಿಸಿದನು. ಅಷ್ಟು ದೂರವೇಕೆ? 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದ್ಯೂತಾಧ್ಯಕ್ಷನು ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ತೆಗೆದುಕೊಳ್ಳಬೇಕೆಂಬ ವಿಧಿಯಿದೆ. ಈಗಿನ ದಲಾಲಿಯೂ ಅದರ ತಮ್ಮನೇ ಸರಿ. ಆಡುವವರಲ್ಲಿ ಯಾರು ಸೋತರೂ ಆಡಿಸುವವನಿಗೆ ನಷ್ಟವಿಲ್ಲ.

ಇವೆರಡರದು ಬರಿಯ ಹೋಲಿಕೆಯಲ್ಲ, ರಕ್ತಸಂಬಂಧ. ನ್ಯೂಯಾರ್ಕಿನ ಹತ್ತಿ ಪೇಟೆಯಿಂದ ಮುಂಬಯಿಗೆ ತಂತಿಯ ಮೂಲಕ ಬರುತ್ತಿದ್ದ ಆರಂಭದ ಹಾಗೂ ಮುಕ್ತಾಯದ ದರಗಳ ಅಂಕಿಗಳ ಮೇಲೆ ಜನರು ಹಣವೊಡ್ಡುತ್ತಿದ್ದರು. 1960ರ ಸುಮಾರಿಗೆ ಆ ದರಗಳು ಬರುವುದು ನಿಂತುಹೋಯಿತು. ಆಗ ಅಂಕಿ ಬರೆದ ಚೀಟಿಗಳನ್ನು ಮಡಕೆಯಲ್ಲಿ ಹಾಕಿ ಎತ್ತತೊಡಗಿದರು. ಅದೇ ಮಟಕಾ. ನಮ್ಮ ಸೀಮೆಯಲ್ಲಿ ಅದನ್ನು ‘ಓಸಿ’ ಎನ್ನುವಾಗ ‘ಓಪನ್’, ‘ಕ್ಲೋಜ್’ ಎಂಬ ಪೇಟೆಯ ಎರಡು ಮಾತುಗಳ ಮೊದಲಕ್ಷರಗಳನ್ನೇ ಉಚ್ಚರಿಸುತ್ತೇವೆ. ಹತ್ತಿ ಹೋಯಿತು, ದರ ಹೋಯಿತು, ಪಣವೊಂದೇ ಉಳಿಯಿತು.

ಹಾಗಾದರೆ ಪೇಟೆಯೆಲ್ಲವೂ ಜೂಜೇ ಎನ್ನಬೇಕೆ? ಹಾಗೆನ್ನುವುದು ಅವಸರದ ಮಾತಾದೀತು. ಅರಿಸಿನದ ಬೆಳೆಗಾರನನ್ನು ನೋಡಿರಿ. ನೆಟ್ಟ ದಿನದಿಂದ ಕಿತ್ತು, ಬೇಯಿಸಿ, ಒಣಗಿಸುವವರೆಗೆ ತಿಂಗಳುಗಳೇ ಕಳೆಯುತ್ತವೆ. ಅಷ್ಟರಲ್ಲಿ ಸಾಂಗಲಿಯ ಪೇಟೆಯ ದರವು ಎಲ್ಲಿಗೆ ಹೋದೀತೆಂಬುದು ಅವನಿಗೆ ತಿಳಿಯದು. ಮಾಲನ್ನು ಕೂಡಿಟ್ಟವನಿಗೂ ಭಯ ತಪ್ಪಿದ್ದಲ್ಲ. ಸಾಂಗಲಿಯ ಬಳಿಯ ಹರಿಪುರದ ಹಗೇವುಗಳು ಅರಿಸಿನ ಕಾಯ್ದಿಡುವುದಕ್ಕೆ ಪ್ರಸಿದ್ಧವಾಗಿದ್ದವು. 2005ರ ಕೃಷ್ಣೆಯ ಮಹಾಪೂರವು ಅವುಗಳಿಗೂ ನುಗ್ಗಿತು. ಇಂಥವನು ಮುಂದೆ ಕೊಡುವ ಮಾಲಿಗೆ ಇಂದೇ ದರ ಗೊತ್ತು ಮಾಡಿಕೊಂಡರೆ ಅದು ವಾಯದೆಯ ವ್ಯವಹಾರ. ಅವನ ತಲೆಯ ಮೇಲೆ ಮೊದಲೇ ಇದ್ದ ಭಾರವನ್ನು ಇನ್ನೊಬ್ಬನು ಹಣದಾಸೆಯಿಂದಲೇ ಆದರೂ ಹೊರುತ್ತಾನೆ. ಇಸ್ಪೀಟಿನ ಮೇಜಿನ ಮೇಲೆ ಇಂಥ ಭಾರವು ಮೊದಲು ಇರುವುದೇ ಇಲ್ಲ. ಆಟಗಾರರು ಕುಳಿತ ಮೇಲೆ ಅದು ಹುಟ್ಟುತ್ತದೆ. ಇರುವ ಭಾರವನ್ನು ಹೊರುವುದು ವ್ಯಾಪಾರ, ಇಲ್ಲದ ಭಾರವನ್ನು ಹುಟ್ಟಿಸುವುದು ಜೂಜು: ಇದು ಮೊದಲನೆಯ ಭೇದ.

ಈ ಅಳತೆಗೋಲಿನಿಂದ ಈಗಿನ ಶೇರು ಪೇಟೆಯನ್ನು ಅಳೆದರೆ ಮನಸ್ಸಿಗೆ ಸಮಾಧಾನವಾಗದು. ಶೇರು ಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯು 2024ರ ಸೆಪ್ಟೆಂಬರದಲ್ಲಿ ಒಂದು ವರದಿಯನ್ನು ಪ್ರಕಟಿಸಿತು. 2021-22ರಿಂದ ಮೂರು ವರ್ಷಗಳಲ್ಲಿ ಶೇರುಗಳ ವಾಯದೆ ಮತ್ತು ಆಪ್ಶನ್ ವ್ಯವಹಾರ ಮಾಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಇವರಲ್ಲಿ ಯಾವ ಭಾರವನ್ನು ಇಳುಹಲು ಹೋದವರು ಎಷ್ಟು ಜನರಿದ್ದಾರು?

ಕಾಯಿದೆಯು ಈ ವಿಷಯದಲ್ಲಿ ಬೇರೊಂದು ತಕ್ಕಡಿಯನ್ನು ಹಿಡಿಯುತ್ತ ಬಂದಿದೆ. ದೈವಾಧೀನವಾದುದು ಜೂಜು, ಕೌಶಲಪ್ರಧಾನವಾದುದು ಜೂಜಲ್ಲ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯ ಆಟವನ್ನು ಈ ತಕ್ಕಡಿಯಲ್ಲಿಯೇ ತೂಗಿ ಅದು ಮುಖ್ಯವಾಗಿ ಕೌಶಲದ ಆಟವೆಂದಿತು. 2025ರಲ್ಲಿ ಪಾರ್ಲಿಮೆಂಟು ಅಂತರ್ಜಾಲದ ಹಣದಾಟಗಳನ್ನು ನಿಷೇಧಿಸುವಾಗ ಮಾತ್ರ ಕೌಶಲವಿರಲಿ, ದೈವವಿರಲಿ, ಭೇದವಿಲ್ಲವೆಂದು ಗೊತ್ತುಪಡಿಸಿತು. ಧರ್ಮದ ದೃಷ್ಟಿಯಿಂದ ನೋಡಿದರೆ ಕೌಶಲದ ತಕ್ಕಡಿಯು ಮೊದಲಿನಿಂದಲೂ ಸಾಲದಾಗಿತ್ತು. ಕುರುಸಭೆಯಲ್ಲಿ ಎಲ್ಲರಿಗಿಂತ ಕುಶಲನಾದವನು ಯಾರು? ಶಕುನಿ! ಅವನ ಕಪಟವನ್ನು ಬದಿಗಿಟ್ಟರೂ, ಆಟವನ್ನರಿಯದ ಧರ್ಮರಾಯನನ್ನು ಆಟ ಬಲ್ಲವನು ದೋಚಿದ ಅನ್ಯಾಯವು ಕಡಿಮೆಯಾಗುವುದೇ?

ಕೌಶಲವು ಹೀನವೆಂದು ನಮ್ಮ ಅಭಿಪ್ರಾಯವಲ್ಲ. ಒಳ್ಳೆಯ ಆಟಗಾರನಿಗೂ ಒಳ್ಳೆಯ ವ್ಯಾಪಾರಿಗೂ ಸಮಾನವಾದ ಗುಣಗಳುಂಟು. ಒಂದೇ ಸೋಲಿನಿಂದ ಮುಳುಗುವಷ್ಟು ಪಣವನ್ನು ಅವರು ಒಡ್ಡರು. ಎಲೆ ಕೆಟ್ಟಾಗ ಅಭಿಮಾನವನ್ನು ಬಿಟ್ಟು ಕೆಳಗಿಡಬಲ್ಲರು. ಎಲ್ಲಕ್ಕೂ ಮಿಗಿಲಾಗಿ, ಒಂದು ನಿರ್ಣಯದ ಯೋಗ್ಯತೆಯನ್ನು ಅದರ ಫಲದಿಂದ ಅಳೆಯರು. ಅವಿವೇಕದ ಪಣವೂ ಒಮ್ಮೊಮ್ಮೆ ಗೆಲ್ಲುವುದು, ವಿವೇಕದ ಪಣವೂ ಸೋಲುವುದು. ಗೆದ್ದ ಮಾತ್ರಕ್ಕೆ ಅವಿವೇಕವು ವಿವೇಕವಾಗಲಾರದು.

ಈ ಮೂರನೆಯ ಗುಣವನ್ನೇ ಹಿಡಿದು ನಳನ ಕಥೆಯನ್ನು ವಾಚಕರು ಮತ್ತೊಮ್ಮೆ ನೆನೆಯಬೇಕು. ಪುಷ್ಕರನೊಡನೆ ಆಡಿ ರಾಜ್ಯಕೋಶಗಳನ್ನು ಕಳೆದುಕೊಂಡ ನಳನಿಗೆ, ದಮಯಂತಿಯನ್ನು ಒಡ್ಡೆಂದು ಪುಷ್ಕರನು ನಗುತ್ತ ಹೇಳಿದನು. ನಳನು ಮಾತಾಡಲಿಲ್ಲ, ಮೈಮೇಲಿನ ಒಡವೆಗಳನ್ನು ಕಳಚಿಟ್ಟು ಏಕವಸ್ತ್ರನಾಗಿ ಹೊರಟುಹೋದನು. ಬಳಿಕ ಋತುಪರ್ಣನ ಸಾರಥಿಯಾಗಿದ್ದಾಗ, ತಾರೆಯ ಮರದ ಎಲೆಕಾಯಿಗಳನ್ನು ನೋಡಿದೊಡನೆ ಎಣಿಸಿ ಹೇಳಿದ ಆ ದೊರೆಯಿಂದ ಅಕ್ಷಹೃದಯವೆಂಬ ವಿದ್ಯೆಯನ್ನು ಪಡೆದನು. ಒಡನೆಯೇ ಕಲಿಯು ಅವನ ದೇಹವನ್ನು ಬಿಟ್ಟಿತು. ಮರಳಿ ಬಂದು ಒಂದೇ ಆಟದಲ್ಲಿ ಎಲ್ಲವನ್ನೂ ಗೆದ್ದನು. ಸೋತ ಪುಷ್ಕರನನ್ನು ಕ್ಷಮಿಸಿ ಅವನ ಪಾಲನ್ನು ಕೊಟ್ಟು ಕಳುಹಿದನು. ಇಷ್ಟನ್ನು ನಾವೆಲ್ಲ ಮೆಚ್ಚಿ ಹೇಳುತ್ತೇವೆ. ಆದರೆ ಆ ಕಡೆಯ ಆಟದಲ್ಲಿ ಅವನು ಒಡ್ಡಿದುದೇನು? ತಾನು ಗಳಿಸಿದ ಧನವನ್ನು, ಅದರೊಡನೆ ದಮಯಂತಿಯನ್ನು! ವಿದ್ಯೆಯಿಲ್ಲದಾಗ ಯಾವುದನ್ನು ಪಣಕ್ಕಿಡಲಾರೆನೆಂದು ಉಟ್ಟ ಬಟ್ಟೆಯಲ್ಲಿ ಹೊರಟನೋ, ವಿದ್ಯೆ ಬಂದ ಮೇಲೆ ಅದನ್ನೇ ನಿಶ್ಚಿಂತೆಯಿಂದ ಇಟ್ಟನು. ಗೆದ್ದುದರಿಂದ ಆ ಮಾತು ನಮ್ಮ ಕಿವಿಯಲ್ಲಿ ನಿಲ್ಲುವುದಿಲ್ಲ. ಧರ್ಮರಾಯನು ಸೋತುದರಿಂದ ಅದೇ ಕೃತ್ಯವು ಮಹಾಪಾತಕವಾಗಿ ಉಳಿಯಿತು. ಕೌಶಲವು ಗೆಲ್ಲುವ ಬಗೆಯನ್ನು ಕಲಿಸಿತು. ಯಾವುದನ್ನು ಒಡ್ಡಬಾರದೆಂಬುದನ್ನು ಮರೆಯಿಸಿತು.

ಆದುದರಿಂದ ಕೇಳಬೇಕಾದ ಪ್ರಶ್ನೆಯು ದ್ರೌಪದಿಯದು. ಕರೆಯಲು ಬಂದ ಸೂತನಿಗೆ ಆಕೆಯು ಆಟವು ನ್ಯಾಯವಾಗಿ ನಡೆಯಿತೋ ಎಂದು ಕೇಳಲಿಲ್ಲ. ಮೊದಲು ತನ್ನನ್ನು ಸೋತನೋ, ಅಥವಾ ನನ್ನನ್ನು ಸೋತನೋ ಎಂದು ಕೇಳಿದಳು. ಎಂದರೆ, ಪಣವನ್ನು ಒಡ್ಡುವ ಅಧಿಕಾರವು ಅವನಿಗೆಲ್ಲಿಯದು? ಭೀಷ್ಮನೂ ಧರ್ಮವು ಸೂಕ್ಷ್ಮವೆಂದು ಹೇಳಿ ಸುಮ್ಮನಾದ ಪ್ರಶ್ನೆಯಿದು. ನಮ್ಮ ಮನೆಗಳಲ್ಲಿ ಅದಕ್ಕೆ ಉತ್ತರವು ಅಷ್ಟು ಸೂಕ್ಷ್ಮವಾಗಿರುವುದಿಲ್ಲ. ಕಬ್ಬಿನ ಬಿಲ್ಲು, ತಂಗಿಯ ಮದುವೆಗೆ ಕೂಡಿಟ್ಟ ಹಣ, ಹೆಂಡತಿಯ ಬಂಗಾರವನ್ನು ಒತ್ತೆಯಿಟ್ಟು ತಂದ ಸಾಲ: ಇವುಗಳ ಒಡೆಯನು ಗುಂಡಿಯೊತ್ತುವ ಬೆರಳಿನವನೊಬ್ಬನೇ ಅಲ್ಲ. ಬೆವರು ಸುರಿಸಿದವರೂ ಹಸಿವು ತಡೆದವರೂ ಅದರಲ್ಲಿ ಪಾಲುಗಾರರು. ಅವರನ್ನು ಕೇಳದೆ ಒಡ್ಡಿದ ಪಣವು ಇಸ್ಪೀಟಿನ ಮೇಜಿನ ಮೇಲಿರಲಿ, ಶೇರು ಪೇಟೆಯಲ್ಲಿರಲಿ, ಗೆಲ್ಲಲಿ, ಸೋಲಲಿ, ಅನ್ಯಾಯದ ಪಣವೇ. ತನ್ನದನ್ನು, ತಾನು ಕಳೆದುಕೊಂಡು ನಗಬಲ್ಲಷ್ಟನ್ನು ಒಡ್ಡಿದವನೊಡನೆ ನಮ್ಮ ಜಗಳವಿಲ್ಲ. ಮನೆಯ ಹಿರಿಯರು ಇನ್ನು ಮುಂದೆ ಮಗನನ್ನು ‘ಎಷ್ಟು ಗಳಿಸಿದೆಪಾ?’ ಎಂದು ಕೇಳುವ ಮೊದಲು ‘ಯಾರದನ್ನು ಒಡ್ಡಿದೆ?’ ಎಂದು ಕೇಳುವುದಾದರೆ, ದ್ರೌಪದಿಯ ಪ್ರಶ್ನೆಗೆ ಒಂದು ಸಭೆಯಾದರೂ ಉತ್ತರ ಕೊಟ್ಟಂತಾದೀತು.