ಕಾಡಿನ ಕ್ರೋಧಕ್ಕೆ ಮೂಲವೆಲ್ಲಿ?

ದುಷ್ಟತನವು ಜೀವದ ಸ್ವಭಾವವೇ, ಅಥವಾ ಹೊರಗಿನಿಂದ ಬಂದು ಸೇರಿದ ಆಗಂತುಕ ದೋಷವೇ ಎಂಬ ಪ್ರಶ್ನೆ ದಾರ್ಶನಿಕರದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಲೇಖಕಿ ನವೋಮಿ ನೋವಿಕ್ 2015ರಲ್ಲಿ ಪ್ರಕಟಿಸಿದ, ನೆಬ್ಯುಲಾ ಪುರಸ್ಕಾರ ಪಡೆದ ‘ಅಪ್‌ರೂಟೆಡ್’ ಎಂಬ ಅದ್ಭುತರಮ್ಯ ಕಾದಂಬರಿಯು, ಪೋಲೆಂಡಿನ ಜನಪದ ಕಥೆಗಳ ಸಾರವನ್ನು ಹೀರಿ ಬೆಳೆದುದಾದರೂ, ಈ ಪ್ರಶ್ನೆಯನ್ನೇ ತನ್ನ ಒಡಲಲ್ಲಿ ಹೊತ್ತಿದೆ.

ಅಲ್ಲಿಯ ಕಣಿವೆಯೊಂದರ ಅಂಚಿನಲ್ಲಿರುವ ಕಾಡು ಮನುಷ್ಯರನ್ನು ಸೆಳೆದೊಯ್ದು, ಅವರು ಜೀವದಿಂದಿರುವಾಗಲೇ ಮರಗಳ ಗರ್ಭದಲ್ಲಿ ಬಂಧಿಸುತ್ತದೆ. ಕಾವಲಿಗಿರುವ ಮಾಂತ್ರಿಕ ಸಾರ್ಕನ್ ಹತ್ತು ವರ್ಷಗಳಿಗೊಮ್ಮೆ ಒಬ್ಬ ಕನ್ಯೆಯನ್ನು ತನ್ನ ಗೋಪುರಕ್ಕೆ ಕರೆದೊಯ್ಯುವನು. ಎಲ್ಲರೂ ರೂಪವತಿಯಾದ ಕಾಸ್ಯಾಳನ್ನೇ ನಿರೀಕ್ಷಿಸಿದ್ದರೂ ಅವನು ಆರಿಸಿದ್ದು ಅವಳ ಗೆಳತಿ ಅಗ್ನಿಯೆಷ್ಕಾಳನ್ನು. ಅವನು ಕಲಿಸುವ ಅಳತೆಗಟ್ಟಿದ ಮಂತ್ರವಿಧಿ ಅವಳ ನಾಲಗೆಗೆ ಒಗ್ಗದು. ಅವನು ನಿರುಪಯುಕ್ತವೆಂದು ಬಿಟ್ಟಿದ್ದ, ಜನಪದ ಕಥೆಗಳ ಮಾಟಗಾತಿ ಬಾಬಾ ಯಾಗಾಳ ಪುಟ್ಟ ಪುಸ್ತಕವಾದರೋ ಅವಳಿಗೆ ಸುಲಭವಾಗಿ ಒಲಿಯುತ್ತದೆ.

ಕಾದಂಬರಿಯ ತಾತ್ತ್ವಿಕ ಹೃದಯವು ಕಾಸ್ಯಾಳ ವಿಮೋಚನೆಯ ಪ್ರಸಂಗದಲ್ಲಿದೆಯೆಂದು ನನ್ನ ನಂಬಿಕೆ. ಕಾಡಿಗೆ ಸಿಕ್ಕಿ ವಿಷವೇರಿದ ಅವಳನ್ನು ಉಳಿಸಲು ಗುರುವೂ ಶಿಷ್ಯೆಯೂ ಜೊತೆಗೂಡಿ ಪ್ರಯೋಗಿಸುವ ಮಂತ್ರವು ಸತ್ಯವನ್ನು ಬೆಳಗಿಸುವುದೇ ಹೊರತು ಶತ್ರುವನ್ನು ಕೊಲ್ಲುವುದಲ್ಲ. ಆ ಬೆಳಕಿನಲ್ಲಿ ರೋಗಿಯ ಅಂತರಂಗದೊಡನೆ ರಕ್ಷಕಿಯ ಅಂತರಂಗವೂ ಬಯಲಾಗಿ, ಬಾಲ್ಯದಿಂದ ಪ್ರೀತಿಸಿದ ಆ ಗೆಳತಿಯರು ಒಬ್ಬರ ಮೇಲೊಬ್ಬರು ಮುಚ್ಚಿಟ್ಟುಕೊಂಡಿದ್ದ ಅಸೂಯೆಯನ್ನೂ ಕಹಿಯನ್ನೂ ಕಾಣಬೇಕಾಗುತ್ತದೆ. ತಾನು ನಿರ್ಮಲಳೆಂಬ ಭ್ರಮೆಯನ್ನು ಉಳಿಸಿಕೊಂಡೇ ಇನ್ನೊಬ್ಬಳ ಮಾಲಿನ್ಯವನ್ನು ತೊಳೆಯುವ ಅವಕಾಶವನ್ನು ಲೇಖಕಿ ತನ್ನ ನಾಯಿಕೆಗೆ ಕೊಟ್ಟಿಲ್ಲ. ಗುರುಕುಲದ ಕಥೆಗಳಲ್ಲಿ ಇಷ್ಟು ಕಠಿಣವಾದ ಪಾಠ ಅಪರೂಪ.

ಇದೇ ಬೆಳಕು ಕೊನೆಗೆ ಕಾಡಿನ ಮೂಲದವರೆಗೂ ಹೋಗುತ್ತದೆ. ಅಲ್ಲಿರುವವಳು ವನರಾಣಿ, ಮನುಷ್ಯರಾಜನೊಬ್ಬನನ್ನು ನಂಬಿ ವರಿಸಿ, ಅವನು ಸತ್ತಾಗ ಅವನ ಜನರಿಂದಲೇ ಸಮಾಧಿಯೊಳಗೆ ಸೆರೆಯಾದವಳು. ಮರಗಳಾಗಿ ಮಾರ್ಪಟ್ಟ ಅವಳ ಬಂಧುಗಳ ಮೇಲೂ ಅದೇ ಜನರ ಕೊಡಲಿ ಬಿದ್ದಿತ್ತು. ಕ್ರೋಧದಿಂದ ಸಂಮೋಹ, ಸಂಮೋಹದಿಂದ ಸ್ಮೃತಿಭ್ರಂಶವೆಂದು ಗೀತೆಯ ಎರಡನೆಯ ಅಧ್ಯಾಯ ಹೇಳುವ ಕ್ರಮವನ್ನು ಬಲ್ಲ ಓದುಗನಿಗೆ ಅವಳ ಸ್ಥಿತಿ ಅಪರಿಚಿತವೆನಿಸದು: ತನ್ನವರನ್ನು ಕಾಪಾಡಲು ಹೊರಟವಳು, ತನ್ನವರಂತೆ ಮರವಾಗಿ ನೆಲೆನಿಲ್ಲುವುದು ಹೇಗೆಂಬುದನ್ನೇ ಮರೆತುಬಿಟ್ಟಿದ್ದಾಳೆ.

ಹಾಗಾದರೆ ನೊಂದವಳ ಹಿಂಸೆ ಕ್ಷಮ್ಯವೇ? ಕಾಡಿಗೆ ಮಕ್ಕಳನ್ನು ತೆತ್ತ ತಾಯಂದಿರ ಮುಂದೆ ನಿಂತು ಹೌದೆನ್ನುವ ಧೈರ್ಯ ಯಾರಿಗೂ ಬರಬಾರದು, ಕಾದಂಬರಿಯೂ ಹಾಗೆನ್ನುವುದಿಲ್ಲ. ವೈರದ ಹುಟ್ಟನ್ನು ಅರಿತ ಅಗ್ನಿಯೆಷ್ಕಾ ಸತ್ತವರ ಪರವಾಗಿ ಕ್ಷಮೆಯನ್ನು ಸಾರದೆ, ವನರಾಣಿಗೆ ಅವಳ ಸೋದರಿಯ ಪಕ್ಕದಲ್ಲಿ ಮರವಾಗಿ ನಿಲ್ಲುವ ದಾರಿ ತೋರಿಸಿ, ತಾನು ಆ ಕಾಡಿನಲ್ಲಿಯೇ ಉಳಿದು ಒಂದೊಂದು ಮರದ ವಿಷವನ್ನೂ ನಿಧಾನವಾಗಿ ತೆಗೆಯತೊಡಗುತ್ತಾಳೆ. ವೈರವು ಆಗಂತುಕವೆಂಬ ಪಕ್ಷವೇ ಇಲ್ಲಿ ಗೆದ್ದಿದೆ. ಆದರೆ ಆ ಗೆಲುವಿನ ಬೆಲೆಯನ್ನು ದುಡಿಮೆಯಿಂದ ತೆರಬೇಕಾಗಿದೆ. ಮಂತ್ರಯುದ್ಧಗಳ ಸೊಗಸಿಗಾಗಿ ಈ ಪುಸ್ತಕವನ್ನು ಕೈಗೆತ್ತಿಕೊಳ್ಳುವವರು, ಯುದ್ಧ ಮುಗಿದ ಮೇಲಿನ ಆ ಪುಟಗಳನ್ನು ಅವಸರದಿಂದ ಮಗುಚಿಹಾಕದಿರಲೆಂದು ನನ್ನ ಬಿನ್ನಹ.