ಸೋತ ಉಮೇದುವಾರ

ಲೋಕಹಿತದ ಒಂದು ಕೆಲಸವನ್ನು ಕೈಕೊಂಡವನು ಆ ಕೆಲಸಕ್ಕಾಗಿಯೇ ಅಧಿಕಾರವನ್ನು ಬೇಡುವದು ಯೋಗ್ಯವೋ ಅಯೋಗ್ಯವೋ? ಒಮ್ಮೆ ಬೇಡಿ, ಜನರಿಂದ ಇಲ್ಲವೆನಿಸಿಕೊಂಡು, ಮತ್ತೆ ಬೇಡುವದು? ಮೂರನೆಯ ಸಲ, ನಾಲ್ಕನೆಯ ಸಲ ಬೇಡುವದು? ಮೇಲುನೋಟಕ್ಕೆ ಇದು ರಾಜಕಾರಣದ ಪ್ರಶ್ನೆಯೆಂದು ತೋರಬಹುದು. ವಿಚಾರಿಸಿ ನೋಡಿದರೆ ಇದು ನೀತಿಯ ಪ್ರಶ್ನೆ, ಅದರಲ್ಲಿಯೂ ಮನೆತನದವರೆಲ್ಲರೂ ಕುಳಿತು ವಿಚಾರಿಸಬೇಕಾದ ಪ್ರಶ್ನೆ. ಏಕೆಂದರೆ ಉಮೇದುವಾರನು ಒಬ್ಬನೇ ಸೋಲುವದಿಲ್ಲ. ಅವನ ಮನೆಯೂ ಸೋಲುತ್ತದೆ.

ಸಣ್ಣ ಊರುಗಳಲ್ಲಿ ನಡೆಯುವ ರೀತಿ ಎಲ್ಲರಿಗೂ ತಿಳಿದುದೇ. ಒಬ್ಬನು ಹತ್ತು ವರ್ಷ ರೇಲ್ವೆಗಾಗಿ, ಬಸ್ಸಿಗಾಗಿ ಓಡಾಡುತ್ತಾನೆ. ಅರ್ಜಿ ಬರೆಯುತ್ತಾನೆ, ಸಹಿ ಕೂಡಿಸುತ್ತಾನೆ, ಸ್ಟೇಶನ್ನಿನ ಮುಂದೆ ಬಿಸಿಲಲ್ಲಿ ಧರಣಿ ಕೂಡುತ್ತಾನೆ. ಆಗ ಅವನು ನಿಸ್ಪೃಹಿ, ಪುಣ್ಯವಂತ. ಅವನು ಚುನಾವಣೆಗೆ ನಿಂತನೆಂಬ ಸುದ್ದಿ ಬಂದ ದಿನವೇ ಚಹದ ಅಂಗಡಿಯಲ್ಲಿ ಮಾತು ತಿರುಗುತ್ತದೆ: “ಇಷ್ಟು ದಿವಸ ಓಡಾಡಿದ್ದು ಇದರ ಸಲುವಾಗಿ ಏನು!” ನಿನ್ನೆಯ ಸೇವೆಯೆಲ್ಲವೂ ಒಮ್ಮೆಲೇ ಮುಂಗಡವಾಗಿ ಕೊಟ್ಟ ಲಂಚದಂತೆ ಕಾಣಿಸತೊಡಗುತ್ತದೆ. ಜನರ ಈ ಸಂಶಯವನ್ನು ನಾನು ಹೀಗಳೆಯಲಾರೆ. ಸೇವೆಯನ್ನು ಏಣಿಯಾಗಿ ಮಾಡಿಕೊಂಡು ಹತ್ತಿದ ಮೇಲೆ ಏಣಿಯನ್ನು ಒದ್ದವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ಆದರೂ ಸಂಶಯವೇ ತೀರ್ಪಾಗಲಾರದು.

ನಮ್ಮ ಸೀಮೆಗೆ ಉಗಿಬಂಡಿ ತಡವಾಗಿ ಬಂದುದೇನಲ್ಲ. ಗದಗದಿಂದ ಹೊಟಗಿಗೆ ಹೋಗುವ ದಾರಿ 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ವಿಜಾಪುರವನ್ನು ಹಾಯ್ದು ಹೋಯಿತು. ಆದರೆ ಆ ಸಣ್ಣ ಅಳತೆಯ ಹಳಿ ಪೂರ್ತಿಯಾಗಿ ದೊಡ್ಡದಾಗಬೇಕಾದರೆ ಈ ಶತಮಾನದ ಮೊದಲ ದಶಕವೇ ಬರಬೇಕಾಯಿತು. ಇಂಡಿಗೆ ದೊರೆತ ಸ್ಟೇಶನ್ನಿನ ಹೆಸರು ‘ಇಂಡಿ ರೋಡ್’. ಊರೊಂದು ಕಡೆ, ಸ್ಟೇಶನ್ನೊಂದು ಕಡೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಭಾಗ್ಯವೂ ಅಂಥದೇ: ಅಲ್ಲಿಯೂ ಹೆಸರಿನ ಮುಂದೆ ಆ ‘ರೋಡ್’ ಇದೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಅಷ್ಟು ಮಾತ್ರದ ಸಮಾಧಾನವೂ ಇಲ್ಲ. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ, ವಿಜಯಪುರದಿಂದ ಸಿಂದಗಿಯ ಮೇಲೆ ಶಹಾಬಾದಕ್ಕೆ ಹಳಿ ಬೇಕೆಂಬ ಬೇಡಿಕೆಯನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಒಪ್ಪಿಸಿ ಹೋಗುತ್ತಿದ್ದಾರೆ. ನೆರೆಯ ಬಾಗಲಕೋಟೆಯಿಂದ ಕುಡಚಿಗೆ ಹೋಗುವ 142 ಕಿಲೋಮೀಟರಿನ ದಾರಿ 2010–11ರ ರೇಲ್ವೆಯ ಅಂದಾಜುಪತ್ರಿಕೆಯಲ್ಲಿ ಸೇರಿದ ಮೇಲೆಯೂ ಅದರ ಒಂದೊಂದು ತುಂಡಿಗಾಗಿ ಜನರು ಧರಣಿ ಕೂಡಬೇಕಾಯಿತು.

ಈ ಬೇಡಿಕೆಗಳನ್ನು ಬೇಡವೆನ್ನುವವನು ಒಬ್ಬನೂ ಇಲ್ಲ. ಲಿಂಬೆ ಬೆಳೆಯುವವನಿಗೆ ಬೇಕು, ಪರವೂರಿನಲ್ಲಿ ಓದುವ ಹುಡುಗನಿಗೆ ಬೇಕು, ಸೊಲ್ಲಾಪುರದ ಆಸ್ಪತ್ರೆಗೆ ಹೋಗಬೇಕಾದ ಮುದುಕಿಗೆ ಬೇಕು. ಹೀಗಿದ್ದೂ ರೇಲ್ವೆಯೊಂದನ್ನೇ ಹಿಡಿದು ನಿಂತವನು ಸೋಲುವದೇಕೆ? ನನಗೆ ತೋರುವದಿಷ್ಟು: ರೇಲ್ವೆಯು ಎಲ್ಲರ ಮೂರನೆಯ ಆಶೆ, ಯಾರೊಬ್ಬರ ಮೊದಲನೆಯ ಆಶೆಯೂ ಅಲ್ಲ. ಒಬ್ಬನಿಗೆ ಮೊದಲು ನೀರು, ಮತ್ತೊಬ್ಬನಿಗೆ ಮೊದಲು ತನ್ನ ಜಾತಿಯ ಮಾನ, ಇನ್ನೊಬ್ಬನಿಗೆ ಬೀಗರ ದಾಕ್ಷಿಣ್ಯ. ಅಲ್ಲದೆ ಮತವನ್ನು ಎಣಿಸುವದು ಮನುಷ್ಯನು ಮಲಗುವ ಊರಿನಿಂದ, ಅವನು ಹೋಗುವ ದಾರಿಯಿಂದಲ್ಲ. ಪ್ರಯಾಣಿಕರೆಂಬುದು ಒಂದು ಜಾತಿಯಲ್ಲ, ಒಂದು ಓಣಿಯಲ್ಲ. ಗಾಡಿಯಿಂದ ಇಳಿದ ಕೂಡಲೆ ಅವರ ಸಂಘ ಮುರಿಯುತ್ತದೆ. ಆದುದರಿಂದ ಅವರ ಪರವಾಗಿ ನಿಲ್ಲುವವನಿಗೆ ಸೋಲು ಅಪಘಾತವಲ್ಲ, ಬಹುಮಟ್ಟಿಗೆ ನಿಯಮವೇ ಆಗಿದೆ. ಇದನ್ನು ತಿಳಿದು ನಿಲ್ಲುವವನನ್ನು ಕುರಿತೇ ನಮ್ಮ ಪ್ರಶ್ನೆ.

ಇಲ್ಲಿ ಜಾರ್ಜ್ ಫರ್ನಾಂಡಿಸರ ಚರಿತ್ರೆಯನ್ನು ಸ್ವಲ್ಪ ನಿಂತು ನೋಡುವದು ಅವಶ್ಯ. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಈ ಕನ್ನಡ ನೆಲದ ಮಗನು ಪಾದ್ರಿಯಾಗಲೆಂದು ಬೆಂಗಳೂರಿನ ಮಠಕ್ಕೆ ಹೋಗಿ, ಅದನ್ನು ಬಿಟ್ಟು ಮುಂಬಯಿಗೆ ಹೋದನು. ಅಲ್ಲಿ ಟ್ಯಾಕ್ಸಿ ನಡೆಸುವವರನ್ನೂ ನಗರದ ಬಸ್ಸಿನ ನೌಕರರನ್ನೂ ಕೂಡಿಸಿ ಸಂಘ ಕಟ್ಟಿದನು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದನು, ಆ ಪಾಟೀಲರು ಆಗ ರೇಲ್ವೆ ಮಂತ್ರಿಗಳಾಗಿದ್ದರು. 1971ರಲ್ಲಿ ಅಲ್ಲಿಯೇ ಸೋತನು. 1974ರ ಮೇ ತಿಂಗಳಲ್ಲಿ ಸುಮಾರು 17 ಲಕ್ಷ ರೇಲ್ವೆ ನೌಕರರ ಮುಷ್ಕರದ ಮುಂದಾಳಾಗಿ ದೇಶದ ಗಾಡಿಗಳನ್ನು ನಿಲ್ಲಿಸಿದನು. 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫರಪುರದಿಂದ ಆರಿಸಿ ಬಂದನು. ಇವೆಲ್ಲ ಎಲ್ಲರ ಬಾಯಲ್ಲಿರುವ ಸಂಗತಿಗಳು. ಆದರೆ ನಮ್ಮ ವಿಚಾರಕ್ಕೆ ಹೆಚ್ಚು ಉಪಯುಕ್ತವಾದುವು ಅವರ ಸೋಲಿನ ವರ್ಷಗಳು. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ. ಕೆ. ಜಾಫರ್ ಶರೀಫರ ಎದುರು ನಿಂತು ಸೋತರು. 1985ರಲ್ಲಿ ಬಿಹಾರದ ಬಾಂಕಾದ ಉಪಚುನಾವಣೆಗೆ ನಿಂತು ಸೋತರು. 1986ರಲ್ಲಿ ಅದೇ ಬಾಂಕಾದಲ್ಲಿ ಮತ್ತೆ ನಿಂತು ಮತ್ತೆ ಸೋತರು. ಮೂರು ವರ್ಷದಲ್ಲಿ ಮೂರು ಸೋಲು! ಆಗ ಯಾರಾದರೂ “ಸಾಕು ಬಿಡಿರಿ, ಮಾನ ಉಳಿಸಿಕೊಳ್ಳಿರಿ” ಎಂದು ಬುದ್ಧಿ ಹೇಳಿದ್ದರೆ ಅದು ವಿವೇಕದ ಮಾತೇ ಆಗುತ್ತಿತ್ತು. 1989ರಲ್ಲಿ ಅವರು ಗೆದ್ದರು, ರೇಲ್ವೆ ಮಂತ್ರಿಗಳಾದರು. ಅಧಿಕಾರ ಒಂದು ವರ್ಷದಷ್ಟೂ ಉಳಿಯಲಿಲ್ಲ. ಅಷ್ಟರಲ್ಲಿಯೇ, 1990ರಲ್ಲಿ, ಕೊಂಕಣ ರೇಲ್ವೆಯ ನಿಗಮವು ಹುಟ್ಟಿತು. ಇ. ಶ್ರೀಧರನ್ನರ ಕೈಯಲ್ಲಿ ಆ ಕೆಲಸ ಬೆಳೆದು, 1998ರ ಜನವರಿ 26ಕ್ಕೆ ಸುಮಾರು 740 ಕಿಲೋಮೀಟರಿನ ದಾರಿ ಮುಂಬಯಿಯ ಕಡೆಯಿಂದ ಮಂಗಳೂರಿನ ಸಮೀಪದವರೆಗೆ ತೆರೆಯಿತು. ಗಾಡಿಯನ್ನು ನಿಲ್ಲಿಸಿದವನೇ ತನ್ನ ತವರಿಗೆ ಗಾಡಿಯನ್ನು ಓಡಿಸಿದನು.

ಇಷ್ಟರಿಂದಲೇ ‘ಬಿಡದೆ ನಿಂತವನು ಗೆಲ್ಲುವನು’ ಎಂದು ತೀರ್ಮಾನಿಸಿ ಎದ್ದು ಹೋಗುವದು ಸುಲಭ. ಆದರೆ ಚರಿತ್ರೆ ಅಲ್ಲಿಗೆ ಮುಗಿಯುವದಿಲ್ಲ. 1984ರಲ್ಲಿ ಅವರನ್ನು ಸೋಲಿಸಿದ ಜಾಫರ್ ಶರೀಫರೂ 1991ರಲ್ಲಿ ರೇಲ್ವೆ ಮಂತ್ರಿಗಳಾದರು. ಸಣ್ಣ ಹಳಿಗಳನ್ನೆಲ್ಲ ದೊಡ್ಡ ಹಳಿಗಳಾಗಿ ಮಾಡುವ ಯೋಜನೆಯನ್ನು 1992ರಲ್ಲಿ ಎತ್ತಿಕೊಂಡರು. ಅದರಿಂದ ಕರ್ನಾಟಕಕ್ಕಾದ ಲಾಭ ಅಲ್ಪವಲ್ಲ. ಅಂದರೆ ಬೆಂಗಳೂರಿನ ಮತದಾರರು ಅಂದು ತಪ್ಪು ಮಾಡಿದರೆನ್ನಲು ಆಧಾರವೇ ಇಲ್ಲ. ಆ ಶರೀಫರೂ 2004ರಲ್ಲಿ, 2009ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. ಅದೇ 2009ರಲ್ಲಿ ಫರ್ನಾಂಡಿಸರಿಗೆ ಎಂಬತ್ತು ಸಮೀಪಿಸಿತ್ತು. ದೇಹ ನೆಟ್ಟಗಿಲ್ಲವೆಂದು ಸ್ವಂತ ಪಕ್ಷವೇ ಉಮೇದುವಾರಿಕೆಯನ್ನು ನಿರಾಕರಿಸಿತು. ಅವರು ಸ್ವತಂತ್ರರಾಗಿ ಮುಜಫರಪುರದಲ್ಲಿಯೇ ನಿಂತು ಸೋತರು. 1986ರ ಸೋಲೂ ಸೋಲೇ, 2009ರ ಸೋಲೂ ಸೋಲೇ, ನಿಂತವನೂ ಒಬ್ಬನೇ. ಆದರೂ ಮೊದಲನೆಯದನ್ನು ಓದುವಾಗ ಮನಸ್ಸು ಅರಳುತ್ತದೆ, ಎರಡನೆಯದನ್ನು ಓದುವಾಗ ಕಣ್ಣು ಬೇರೆ ಕಡೆಗೆ ತಿರುಗುತ್ತದೆ. ಏಕೆ? ಮೊದಲಿನ ಸಲ ಮಾಡಬೇಕಾದ ಕೆಲಸ ಅವರ ಮುಂದೆ ಇತ್ತು. ಕೊನೆಯ ಸಲ ಮಾಡಿದ ಕೆಲಸವೆಲ್ಲ ಬೆನ್ನ ಹಿಂದೆ ಇತ್ತು. ಇದಕ್ಕಿಂತ ಹೆಚ್ಚು ಕಠೋರವಾಗಿ ಹೇಳುವ ಮನಸ್ಸಾಗದು. ವೃದ್ಧಾಪ್ಯವು ಯಾರನ್ನು ಹೇಗೆ ಆಡಿಸುವದೋ ಬಲ್ಲವರಾರು?

ಗೆಲ್ಲುವ ಆಶೆಯೇ ಇಲ್ಲದೆ ನಿಲ್ಲುವದೂ ಉಂಟು. 1989ರಲ್ಲಿ ಕೈಗಾದ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ಕಾರವಾರದ ಕಡೆಯಿಂದ ಲೋಕಸಭೆಗೆ ನಿಂತರು. ಅವರಿಗಾಗ 87 ವರ್ಷ. ದಿಲ್ಲಿಯಲ್ಲಿ ಕೂಡುವ ಆಶೆ ಅವರಿಗಿತ್ತೆಂದು ಅವರ ವಿರೋಧಿಗಳೂ ಹೇಳಲಾರರು. ಅವರ ಉಮೇದುವಾರಿಕೆ ಒಂದು ಅರ್ಜಿ. ಉಳಿದ ದಿನಗಳಲ್ಲಿ ಕಿವಿ ಮುಚ್ಚಿಕೊಂಡಿರುವ ಸರಕಾರವು ಚುನಾವಣೆಯ ಕಾಲದಲ್ಲಿ ಮಾತ್ರ ಕಿವಿ ತೆರೆಯುವದೆಂದು ಅರಿತು ಬರೆದ ಅರ್ಜಿ. 1996ರಲ್ಲಿ ತೆಲುಗು ನಾಡಿನ ನಲ್ಗೊಂಡದಲ್ಲಿ ವಿಷನೀರಿನ ಸಂಕಟವನ್ನು ತೋರಿಸಲು 480 ಜನ ನಿಂತರು. ಅದೇ ಸಲ ನಮ್ಮ ಬೆಳಗಾವಿಯಲ್ಲಿ ಗಡಿಯ ವಾದದಿಂದ 456 ಜನ ನಿಂತರು, ಮತಪತ್ರಿಕೆಯು ಪುಸ್ತಕವಾಯಿತು. ಸರಕಾರವು ಎಚ್ಚತ್ತುದು ನೀರಿಗಲ್ಲ, ಉಮೇದುವಾರರ ಸಂಖ್ಯೆಗೆ. ಅದೇ ವರ್ಷ ಲೋಕಸಭೆಯ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿತು. ಮುಂದೆ ಅದು 25,000 ಆಯಿತು. ಬಿದ್ದ ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಬರದಿದ್ದರೆ ಸೋತವನ ಆ ಹಣ ಸರಕಾರದ ಪಾಲು. ನಗೆಗಾಗಿ ನಿಲ್ಲುವವನನ್ನು ತಡೆಯಲೆಂದು ಹಾಕಿದ ಈ ಬೇಲಿಯು ಹಣವುಳ್ಳ ನಗೆಗಾರನನ್ನು ತಡೆಯುವದಿಲ್ಲ. ಹಣವಿಲ್ಲದ ಸತ್ಯವಂತನನ್ನು ತಡೆಯುತ್ತದೆ.

ಈ ಹಣ ಎಲ್ಲಿಂದ ಬಂತೆಂಬುದೇ ನೀತಿಯ ಗಟ್ಟಿ ಪ್ರಶ್ನೆಯೆಂದು ನಾನು ತಿಳಿಯುತ್ತೇನೆ. ಕಾರಂತರಂಥವರ ಮಾತು ಬೇರೆ. ಹೆಂಡತಿಯ ಪಾಟಲಿಯನ್ನು ಒತ್ತೆಯಿಟ್ಟು, ಮಗಳ ಮದುವೆಯನ್ನು ಮುಂದೆ ನೂಕಿ, ನಾಲ್ಕನೆಯ ಸಲ ಠೇವಣಿ ಕಟ್ಟುವವನು ತ್ಯಾಗವನ್ನು ಮಾಡುತ್ತಿದ್ದಾನೆ ನಿಜ. ಆದರೆ ತ್ಯಾಗವಾಗುತ್ತಿರುವದು ಯಾರದು? ತನ್ನದನ್ನು ಬಿಡುವವನಿಗೆ ತ್ಯಾಗಿಯೆಂದು ಹೆಸರು. ಪರರದನ್ನು, ಅವರು ಮನಸಾರೆ ಒಪ್ಪದೆ, ಬಿಡಿಸುವವನಿಗೆ ಆ ಹೆಸರು ಸಲ್ಲದು. ಊರ ಮುದುಕಿಯರು ಸೊಲ್ಲಾಪುರಕ್ಕೆ ಸುಖವಾಗಿ ಹೋಗಲೆಂದು ತನ್ನ ಮನೆಯ ಮುದುಕಿಗೆ ಔಷಧ ತಪ್ಪಿಸುವದನ್ನು ಯಾವ ಶಾಸ್ತ್ರ ಮೆಚ್ಚೀತು?

ನಮ್ಮ ನಾಡಿನಲ್ಲಿಯೇ ‘ಹೊಟ್ಟೆ ಪಕ್ಷ’ದ ರಂಗಸ್ವಾಮಿಯವರು 86 ಸಲ ಚುನಾವಣೆಗೆ ನಿಂತು ಸೋತು, ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿದರು. ಪಕ್ಷದ ಹೆಸರು ಎಂಥದು ನೋಡಿರಿ! ಹೊಟ್ಟೆಗಿಂತ ದೊಡ್ಡ ರಾಜಕೀಯ ಪ್ರಶ್ನೆ ಯಾವುದಿದೆ? ಆದರೆ ಇಂದು ಜನರಿಗೆ ನೆನಪಿರುವದು 86 ಎಂಬ ಅಂಕೆ; ಹೊಟ್ಟೆಯನ್ನು ಮರೆತಿದ್ದಾರೆ. ಸೋಲು ಎಣಿಕೆಗೆ ಹತ್ತಿದಾಗ ಇರುವ ಅಪಾಯವಿದು: ಬೇಡಿಕೆಯು ಬೇಡುವವನ ಹಿಂದೆ ಮರೆಯಾಗುತ್ತದೆ. ರೇಲ್ವೆಗಾಗಿ ನಿಂತವನನ್ನು ‘ರೇಲ್ವೆಯವ ಬಂದ’ ಎಂದು ಹುಡುಗರು ನಗತೊಡಗಿದರೆ, ಆ ನಗೆಯ ಪಾಲು ಅವನಿಗಷ್ಟೇ ಅಲ್ಲ, ರೇಲ್ವೆಗೂ ಬೀಳುತ್ತದೆ.

ಫಲದ ಆಶೆಯಿಲ್ಲದೆ ಕರ್ಮ ಮಾಡಬೇಕೆಂಬ ಗೀತೆಯ ತತ್ವವನ್ನು ಇಂಥಲ್ಲಿ ಮುಂದೆ ಮಾಡುವವರುಂಟು. ತತ್ವವು ದೊಡ್ಡದು, ಆದರೆ ಅದನ್ನು ಕಿವಿಗೆ ಹತ್ತಿಯಾಗಿ ಬಳಸಬಾರದು. ಮತದಾರನ ‘ಇಲ್ಲ’ವೂ ಒಂದು ಮಾತು. ಏಕೆ ಇಲ್ಲವೆಂದನೆಂದು ಅವನ ಕಟ್ಟೆಗೆ ಹೋಗಿ ಕೇಳದೆ, ಐದು ವರ್ಷದ ಮೇಲೆ ಅದೇ ಭಾಷಣವನ್ನು ಮತ್ತೆ ಮಾಡುವವನದು ನಿಷ್ಕಾಮವಲ್ಲ, ಕಿವುಡು.

ಹಾಗಾದರೆ ಅಧಿಕಾರದ ಗೊಡವೆಯೇ ಬೇಡವೆಂದು ಸುಮ್ಮನೆ ಸೇವೆ ಮಾಡಬಾರದೇ? ಈ ಪ್ರಶ್ನೆಗೆ ಹಲಸಂಗಿಯಲ್ಲಿ ನಿಂತು ಉತ್ತರ ಕೊಡುವದು ಕಠಿಣ. ಏಕೆಂದರೆ ಇಲ್ಲಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು, ಯಾರ ಮತವನ್ನೂ ಬೇಡದೆ, ಯಾವ ಖುರ್ಚಿಯನ್ನೂ ಹತ್ತದೆ, ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿದರು. ‘ಗರತಿಯ ಹಾಡು’ 1931ರಲ್ಲಿ ಹೊರಬಂದಿತು. ಆ ಉದಾಹರಣೆಯ ನೆರಳಿನಲ್ಲಿ ಕುಳಿತವನಿಗೆ ಉಮೇದುವಾರನು ಸಣ್ಣವನಾಗಿ ಕಾಣುವದು ಸಹಜ. ಆದರೆ ಹಾಡನ್ನು ನಾಲ್ಕು ಗೆಳೆಯರು ಮನೆಮನೆಗೆ ನಡೆದು ಕೂಡಿಸಬಹುದು. ಹಳಿಯನ್ನು ನಾಲ್ಕು ಗೆಳೆಯರು ಹಾಕಲಾರರು. ಅದಕ್ಕೆ ಭೂಮಿಯನ್ನು ಕೊಳ್ಳುವ ಸತ್ತೆ ಬೇಕು, ಕೋಟಿಗಟ್ಟಲೆ ಹಣದ ಮೇಲೆ ಹಾಕುವ ರುಜು ಬೇಕು. ಕೆಲವು ಒಳ್ಳೆಯ ಕೆಲಸಗಳು ಅಧಿಕಾರವನ್ನು ಮುಟ್ಟದೆ ಆಗುವದಿಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಮುಟ್ಟಲು ಹೇಸಲಿಲ್ಲ. ಬಿಡಬೇಕಾದ ದಿನ ಬಂದಾಗ ಅದನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆಯಲೂ ಅನುಮಾನಿಸಲಿಲ್ಲ. ಮುಟ್ಟುವದು ದೋಷವಲ್ಲ, ಬಿಡಲಾರದಿರುವದು ದೋಷ. ಇದು ಗೆದ್ದವನಿಗೆ ಹೇಳುವ ಮಾತೆಂದು ಎಲ್ಲರೂ ತಿಳಿದಿದ್ದಾರೆ. ಸೋತವನಿಗೂ ಇದು ಸಲ್ಲುತ್ತದೆ: ಸೋಲನ್ನು ಸಹ ಬಿಡಲಾರದೆ ಹಿಡಿದುಕೊಂಡವರಿದ್ದಾರೆ.

ಆದುದರಿಂದ ಎಷ್ಟು ಸಲ ನಿಂತನೆಂದು ನಾನು ಎಣಿಸಹೋಗುವದಿಲ್ಲ. ಮತ ಎಣಿಸಿದ ಮರುದಿನ ಅವನು ಎಲ್ಲಿದ್ದನೆಂದು ಕೇಳುತ್ತೇನೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಊರನ್ನು ಬಯ್ಯುತ್ತಿದ್ದನೋ, ಹಳೆಯ ಅರ್ಜಿಯ ಕಟ್ಟನ್ನು ಹಿಡಿದು ಸ್ಟೇಶನ್ನಿಗೆ ಹೋಗಿದ್ದನೋ? ಗೆದ್ದವನ ಬಾಗಿಲಿಗೆ ಹೋಗಿ “ಕೆಲಸ ನಿಮ್ಮ ಹೆಸರಿನಿಂದಲೇ ಆಗಲಿ” ಎಂದು ಕಾಗದಗಳನ್ನು ಒಪ್ಪಿಸುವದು ಅವನಿಂದಾಯಿತೋ? ಅಷ್ಟನ್ನು ಮಾಡಿ, ಕೆಲಸವಾಗದೆ, ಮತ್ತೆ ನಿಂತವನನ್ನು ನಗುವ ಹಕ್ಕು ನಮಗಿಲ್ಲ.

ಇಂಥ ಒಬ್ಬರ ವಿಷಯ ಮಾತು ಬಂದಾಗ ಒಮ್ಮೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರನ್ನು ಕೇಳಿದೆನು: “ನೀವು ಅವರಿಗೆ ಮತ ಕೊಟ್ಟಿರೇನ್ರಿ?” ಅವರು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು.

“ಇಲ್ಲರೀ. ಓಟು ಒಮ್ಮೆಯೂ ಹಾಕಿಲ್ಲ. ಅರ್ಜಿಗೆ ಮಾತ್ರ ಪ್ರತಿ ಸಲ ಸಹಿ ಹಾಕೀನಿ.”

“ಮತ್ತ ಓಟು ಯಾಕ್ರಿ ಹಾಕಲಿಲ್ಲ?”

“ಅವರು ಹೆಂಗೂ ಬಿಡೂದಿಲ್ಲಲ್ರೀ,” ಎಂದರು. ಮುಂದಿನ ಊರು ಬಂದಿತು, ಇಳಿದು ಹೋದರು.