ಕಿವಿಗೆ ಬಿದ್ದ ಕೊಲೆ

ಪತ್ತೇದಾರಿ ಕಾದಂಬರಿಯೊಂದನ್ನು ಕಿವಿಯಿಂದ ಕೇಳಿ ಮುಗಿಸಿದವನು ‘ಅದನ್ನು ಓದಿದ್ದೇನೆ’ ಎಂದು ಹೇಳಿಕೊಳ್ಳಬಹುದೇ? ಕೂಡದು ಎನ್ನುವ ಗೆಳೆಯರು ನನಗಿದ್ದಾರೆ. ಪುಸ್ತಕ ಹಿಡಿದು ಕೂತವನು ಶ್ರಮಪಡುತ್ತಾನೆ, ಮೊಬೈಲನ್ನು ಜೇಬಿನಲ್ಲಿಟ್ಟು ಕೇಳುತ್ತ ನಡೆಯುವವನು ಬರಿದೆ ಸುಖಪಡುತ್ತಾನೆ ಎಂಬುದು ಅವರ ವಾದ. ಮೇಲ್ನೋಟಕ್ಕೆ ಇದು ಅಭಿರುಚಿಯ ಜಗಳ. ಒಳಹೊಕ್ಕು ನೋಡಿದರೆ ಇದರಲ್ಲಿ ನ್ಯಾಯದ ಮಾತೂ ಇದೆ.

ಧ್ವನಿಪುಸ್ತಕ ಹುಟ್ಟಿದ್ದು ಸುಖಜೀವಿಗಳಿಗಾಗಿ ಅಲ್ಲ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಲ್ಲಿ ಅನೇಕರಿಗೆ, ಬೆರಳು ಒರಟಾದ ವಯಸ್ಸಿನಲ್ಲಿ ಬ್ರೈಲ್ ಕಲಿಯುವುದು ಕಷ್ಟವಾಯಿತು. ಇಂಗ್ಲೆಂಡಿನಲ್ಲಿ ಅವರ ಪರವಾಗಿ ದುಡಿದ ಇಯಾನ್ ಫ್ರೇಸರ್ ಅವರೂ 1916ರ ಸೋಮ್ ಕದನದಲ್ಲಿ ದೃಷ್ಟಿ ಕಳೆದುಕೊಂಡವರೇ. 1935ರಲ್ಲಿ ಅಲ್ಲಿ ಮೊದಲ ಧ್ವನಿಪುಸ್ತಕಗಳು ಗ್ರಾಮಾಫೋನ್ ತಟ್ಟೆಗಳ ರೂಪದಲ್ಲಿ ಹೊರಬಂದವು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 25 ನಿಮಿಷದ ಓದು. ಆ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಒಂದು. ಕಣ್ಣಿಲ್ಲದವರಿಗೆ ಉಪದೇಶ ಸಾಕು ಎಂದುಕೊಳ್ಳದೆ, ಅವರಿಗೂ ಒಂದು ಒಳ್ಳೆಯ ಕೊಲೆಯ ಕಥೆ ಬೇಕಾದೀತು ಎಂದು ಯೋಚಿಸಿದವರ ಮನಸ್ಸು ದೊಡ್ಡದು. ಕೇಳಿದ್ದು ಓದಿದ್ದಲ್ಲ ಎಂದುಬಿಟ್ಟರೆ ಅವರನ್ನೆಲ್ಲ ಓದುಗರ ಪಂಕ್ತಿಯಿಂದ ಎಬ್ಬಿಸಿದಂತಾಗುತ್ತದೆ. ಶ್ರಮದ ಹೆಸರಿನಲ್ಲಿ ಹಾಗೆ ಎಬ್ಬಿಸುವ ಹಕ್ಕು ಕಣ್ಣಿದ್ದವರಿಗೆ ಎಲ್ಲಿಂದ ಬಂತು?

ಅಷ್ಟೇ ಅಲ್ಲ, ಕುತೂಹಲದ ಕಥೆಗೆ ಕಿವಿಯೇ ಹೆಚ್ಚು ಪ್ರಾಮಾಣಿಕವೆಂದು ನನಗನ್ನಿಸುತ್ತದೆ. ಕಣ್ಣು ಚಪಲದ್ದು. ಮೇಲಿನ ಸಾಲು ಓದುತ್ತಿರುವಾಗಲೇ ಪುಟದ ಬುಡಕ್ಕೆ ಜಾರಿ, ಸತ್ತವರು ಯಾರೆಂದು ಕದ್ದು ನೋಡಿ ಬರುತ್ತದೆ. ಕಿವಿಗೆ ಈ ಕಳ್ಳತನ ಬಾರದು. ಓದುವವನ ಉಸಿರಿನೊಡನೆ ಅದು ಹೆಜ್ಜೆ ಹಾಕಬೇಕು. ನಾಳೆ ಏನೆಂದು ತಿಳಿಯದೆ ಇಂದನ್ನು ಕಳೆಯುವುದೇ ನಮ್ಮೆಲ್ಲರ ಪಾಡಾಗಿರುವಾಗ, ಈ ಕಾಯುವಿಕೆಯನ್ನು ಒಲಿದು ಒಪ್ಪಿಕೊಳ್ಳುವುದು ಸಣ್ಣ ಶಿಕ್ಷಣವಲ್ಲ.

ನಮ್ಮ ಗಮಕ ವಾಚನದ ಸಭೆಯಲ್ಲಿ ಕೂತವರಿಗೆ ಕರ್ಣ ಸಾಯುತ್ತಾನೆಂದು ಮೊದಲೇ ಗೊತ್ತು. ಅಲ್ಲಿ ಮುಚ್ಚಿಡುವುದಕ್ಕೆ ಏನೂ ಇಲ್ಲ. ಗೊತ್ತಿದ್ದೂ ಮರುಗುವುದೇ ಅಲ್ಲಿಯ ಸುಖ. ಪತ್ತೇದಾರಿ ಕಥೆಯದು ಬೇರೆ ಒಪ್ಪಂದ. ಅಕ್ರಾಯ್ಡ್ ಕಾದಂಬರಿ 1926ರಲ್ಲಿ ಪ್ರಕಟವಾದಾಗ, ಕೊನೆಯಲ್ಲಿ ಲೇಖಕಿ ತಮಗೆ ಮೋಸಮಾಡಿದರೆಂದು ಕೆಲವರು ಸಿಟ್ಟಾದರು. ಆ ಕೊನೆ ಏನೆಂದು ನಾನಿಲ್ಲಿ ಹೇಳಲಾರೆ. ತಿಳಿದದ್ದನ್ನು ಹಂಚುವುದು ಧರ್ಮವೆಂದು ನಾವು ಕಲಿತಿದ್ದೇವೆ. ಇನ್ನೊಬ್ಬನ ತಿಳಿಯದಿರುವಿಕೆಯನ್ನು ಜೋಪಾನ ಮಾಡುವುದೂ ಕೆಲವೊಮ್ಮೆ ಧರ್ಮವೆಂದು ಇಂಥ ಕಥೆಗಳು ಕಲಿಸುತ್ತವೆ.

ಇನ್ನು, ಕೆಲಸ ಮಾಡುತ್ತ ಕೇಳುವುದು ಕಥೆಗೆ ಅಗೌರವ ಎಂಬ ಆಕ್ಷೇಪಣೆ. ರಾಗಿ ಬೀಸುತ್ತ ಪದ ಹಾಡಿದ ನಮ್ಮ ಹೆಂಗಸರ ಮುಂದೆ ಈ ಮಾತು ನಿಲ್ಲುವುದಿಲ್ಲ. ಕೈಗೆ ಕೆಲಸವಿದ್ದರೆ ಮನಸ್ಸು ಅಲೆಯುವುದು ಕಡಿಮೆ. ಪಾತ್ರೆ ತೊಳೆಯುತ್ತ, ಬಸ್ಸಿನಲ್ಲಿ ನಿಂತು ಜೋಲಿ ಹೊಡೆಯುತ್ತ ಕೇಳಿದ ಅಧ್ಯಾಯಗಳು, ಕುರ್ಚಿಯಲ್ಲಿ ತೂಕಡಿಸುತ್ತ ಓದಿದವುಗಳಿಗಿಂತ ನನಗೆ ಚೆನ್ನಾಗಿ ನೆನಪಿವೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಬೀಸುವ ಪದ ಅಂಗಳಕ್ಕೆಲ್ಲ ಕೇಳುತ್ತಿತ್ತು, ಎದುರು ಕೂತವಳು ದನಿಗೂಡಿಸುತ್ತಿದ್ದಳು. ಇಯರ್‌ಫೋನು ಹಾಗಲ್ಲ. ಅದು ಕಥೆಯನ್ನು ಒಬ್ಬನಿಗೇ ಕೊಟ್ಟು, ಸುತ್ತಲಿನ ದನಿಗಳಿಗೆ ಬಾಗಿಲು ಹಾಕುತ್ತದೆ. ಕೇಳುವವನ ಶ್ರಮ ಎಲ್ಲಿದೆ ಎಂದು ಗೆಳೆಯರು ಹುಡುಕುವುದಾದರೆ ಅದು ಇಲ್ಲಿದೆ. ಕೊಲೆಗಾರನ ಹೆಸರು ಇನ್ನೇನು ಹೊರಬೀಳಬೇಕು ಎನ್ನುವಾಗ, ಒಳಕೋಣೆಯಿಂದ ವಯಸ್ಸಾದವರೊಬ್ಬರು ನೀರು ಕೇಳುತ್ತಾರೆ. ಕಥೆಯನ್ನು ನಿಲ್ಲಿಸುವ ಗುಂಡಿ ಬೆರಳ ತುದಿಯಲ್ಲೇ ಇದೆ. ಅದನ್ನು ಒತ್ತುವುದು ಪುಟ ತಿರುಗಿಸುವುದಕ್ಕಿಂತ ಕಷ್ಟದ ಕೆಲಸ. ಕಥೆಯ ಹೆಣ ಎಷ್ಟು ಹೊತ್ತಾದರೂ ಕಾಯುತ್ತದೆ. ಬಾಯಾರಿದವರು ಕಾಯಬೇಕಾಗಿಲ್ಲ.